ಹಳದಿ ಪರದೆಯ ಕೋಣೆ

ಬುರ್ಗಾಸ್
3 ಅಕ್ಟೋಬರ್ 1993

ನನ್ನ ಮುದ್ದು ದೊಬ್ರಿಂಕಾ, ನನ್ನ ಚಿನ್ನ, ನನ್ನ ಡಾರ್ಲಿಂಗ್,

ಮದುವೆಯಾಗಿ ಇವತ್ತಿಗೆ ಹದಿನೈದು ದಿನ! ನಂಬುತ್ತೀಯಾ? ನಾನೇ ನಂಬುವುದಿಲ್ಲ! ಬೆಳಿಗ್ಗೆ ಎದ್ದು ಉಂಗುರ ನೋಡಿಕೊಂಡು ಮತ್ತೆ ಕಣ್ಣು ಮುಚ್ಚುತ್ತೇನೆ, ಇನ್ನೊಮ್ಮೆ ನೋಡುವ ಖುಷಿಗಾಗಿ! ಪ್ಲಾಮೆನ್ ಎಂಥ ಗಂಡ ಗೊತ್ತಾ! ದಿನವಿಡೀ ಬಂದರಿನಲ್ಲಿ ಕ್ರೇನ್ ಓಡಿಸಿ ದಣಿದು ಬಂದರೂ ನನಗೊಂದು ಪೊಟ್ಟಣ ಸೂರ್ಯಕಾಂತಿ ಬೀಜ ತರುವುದನ್ನು ಮರೆಯುವುದಿಲ್ಲ! ನಮ್ಮದು ಎಂಟನೇ ಮಹಡಿ. ಬಾಲ್ಕನಿಯಿಂದ ಸಮುದ್ರ ಕಾಣುತ್ತದೆ. ಕುತ್ತಿಗೆಯನ್ನು ಸ್ವಲ್ಪ ಹೊರಗೆ ಚಾಚಬೇಕು, ಅಷ್ಟೇ! ಮನೆ ಅತ್ತೆ ಎಲೆನ್ಕಾ ಅವರದು, ಅವರಂತೂ ದೇವತೆ! ನಾನು ಪಾತ್ರೆ ಮುಟ್ಟಿದರೆ ಸಾಕು, "ಬಿಡಮ್ಮಾ, ನಿಂಗೆ ಬರಲ್ಲ" ಎಂದು ಕೈಯಿಂದ ಕಿತ್ತುಕೊಳ್ಳುತ್ತಾರೆ. ಅಷ್ಟು ಪ್ರೀತಿ!

ಈಗ ಮುಖ್ಯವಾದ ಮಾತು! ಮದುವೆಯ ದಿನ ಎಲ್ಲರೂ ಕೈಹಿಡಿದು ಕುಣಿಯುವಾಗ ನಿನ್ನ ಕಿವಿಯಲ್ಲಿ ಹೇಳಿದ್ದು ನೆನಪಿದೆ ತಾನೆ? ಅಡುಗೆಮನೆಯ ಹಿಂದೆ ಒಂದು ಚಿಕ್ಕ ಕೋಣೆ ಇದೆ. ಬರುವ ಜೂನ್‌ನಲ್ಲಿ ಪ್ರವೇಶ ಪರೀಕ್ಷೆ ಪಾಸು ಮಾಡು, ನಾನು ಓದಿದ ಇಂಗ್ಲಿಷ್ ಶಾಲೆಗೇ ಸೇರು. ಶಾಲೆಯ ಹಾಸ್ಟೆಲ್ ಮುಚ್ಚಿಬಿಟ್ಟರು ಎಂದು ನೀನು ಅಳಬೇಕಾಗಿಲ್ಲ. ಸೆಪ್ಟೆಂಬರ್‌ನಿಂದ ಆ ಕೋಣೆ ನಿನ್ನದು! ಕಿಟಕಿಗೆ ಹಳದಿ ಪರದೆ ಆಗಲೇ ಹೊಲಿದು ಹಾಕಿದ್ದೇನೆ. ಬಿಸಿಲು ಬಿದ್ದರೆ ಕೋಣೆಯೆಲ್ಲ ಜೇನಿನ ಹಾಗೆ ಹೊಳೆಯುತ್ತದೆ!

ಸಾವಿರ ಮುತ್ತು,
ನಿನ್ನ ವಿಯೊಲೆತಾ (ಶ್ರೀಮತಿ!)


ದ್ರೆನೊವ್ಕಾ
11 ಅಕ್ಟೋಬರ್ 1993

ಶ್ರೀಮತಿ ಅಕ್ಕನವರಿಗೆ,

ನಿನ್ನ ಪತ್ರವನ್ನು ಅಮ್ಮ ಬೇಕರಿಗೆ ಒಯ್ದು ಜೋರಾಗಿ ಓದಿದಳು. ಬ್ರೆಡ್ಡಿಗೆ ಸಾಲು ನಿಂತವರೆಲ್ಲ ಈಗ ನಿನ್ನ ಉಂಗುರದ ಬಗ್ಗೆ ನನಗಿಂತ ಹೆಚ್ಚು ತಿಳಿದಿದ್ದಾರೆ. ಆಶ್ಚರ್ಯಸೂಚಕ ಚಿಹ್ನೆಗಳನ್ನು ಎಣಿಸಲು ಶುರುಮಾಡಿ ಒಂಬತ್ತಕ್ಕೇ ಸುಸ್ತಾದೆ. ಐದು ವರ್ಷ ಇಂಗ್ಲಿಷ್ ಶಾಲೆಯಲ್ಲಿ ಕಲಿತದ್ದು ಇದನ್ನೇ? ಇನ್ನು ಆ "ಡಾರ್ಲಿಂಗ್". ಇಲ್ಲಿ ಹಾಗೆ ಕರೆದರೆ ಬೆಕ್ಕು ಕೂಡ ತಿರುಗಿ ನೋಡುವುದಿಲ್ಲ, ಪ್ರಯತ್ನಿಸಿ ನೋಡಿದ್ದೇನೆ.

ನಿನಗೊಂದು ತಿಳಿವಳಿಕೆ. ಇಂದಿನಿಂದ ನನ್ನ ಹೆಸರು ದೆಬೊರಾ. ದೊಬ್ರಿಂಕಾ ಎಂಬುದು ಮೇಕೆ ಕಾಯುವವಳ ಹೆಸರು. ಅಜ್ಜಿಯ ಹೆಸರಿನ ಮೊದಲಕ್ಷರ ಉಳಿದರೆ ಸಾಕು ಎಂಬುದು ನಮ್ಮವರ ಕಾನೂನು ತಾನೆ? ಉಳಿಸಿದ್ದೇನೆ. ಅಜ್ಜಿಗೆ ಹೇಳಿದಾಗ ಅವಳು ಬೀನ್ಸ್ ಸುಲಿಯುತ್ತಿದ್ದಳು.

"ಯಾಕೇ, ನನ್ನ ಹೆಸರಿಗೇನಾಗಿದೆ? ಅದನ್ನ ಇಟ್ಕೊಂಡಿದ್ದಕ್ಕೆ ಯಾರೂ ಸತ್ತಿಲ್ಲ."

"ನಿನ್ನ ಬಿಟ್ರೆ ಇಟ್ಕೊಂಡವರು ಯಾರೂ ಬದುಕಿಲ್ಲ" ಎಂದೆ.

ಹಲ್ಲಿನ ಸೆಟ್ಟು ಬೀನ್ಸ್ ಬುಟ್ಟಿಗೆ ಬೀಳುವವರೆಗೂ ನಕ್ಕಳು. ಈ ಊರಿನಲ್ಲಿ ಗಂಭೀರವಾದ ಮಾತನ್ನು ಯಾರ ಹತ್ತಿರ ಆಡಬೇಕು ಹೇಳು.

ಕೋಣೆಯ ಅಳತೆ ಕಳಿಸು.

ದೆಬೊರಾ


ಬುರ್ಗಾಸ್
7 ನವೆಂಬರ್ 1993

ನನ್ನ ದೆಬೊರಾ (ಅಯ್ಯೋ, ಎಷ್ಟು ಚೆಂದ! ಮೂರು ದಿನ ನಕ್ಕೆ!),

ತಡವಾಯಿತು, ಕ್ಷಮಿಸು! ಚಳಿಗಾಲದ ತಯಾರಿ ಎಂದರೆ ಏನೆಂದು ನನಗೆ ಈಗ ಗೊತ್ತಾಯಿತು! ಅತ್ತೆಯೂ ನಾನೂ ಬಾಲ್ಕನಿಯಲ್ಲಿ ಕೆಂಪು ಮೆಣಸಿನಕಾಯಿ ಸುಟ್ಟು, ಸುಲಿದು, ನೂರ ನಲವತ್ತು ಜಾಡಿ ತುಂಬಿದೆವು. ಕೈ ಎಷ್ಟು ಉರಿಯಿತು ಎಂದರೆ ಪ್ಲಾಮೆನ್ ಊದಿ ಊದಿ ತಣ್ಣಗೆ ಮಾಡಿದರು! ಇದರ ಜೊತೆಗೆ ಎಲೆಕೋಸು ಹುಳಿ ಹಾಕಲು ಒಂದು ದೊಡ್ಡ ಪೀಪಾಯಿ ಬಂದಿದೆ. ನಾನು ಅದರೊಳಗೆ ನಿಲ್ಲಬಹುದು! ಅದನ್ನು ಎಲ್ಲಿಡುವುದು ಎಂಬುದೇ ಅತ್ತೆಗೆ ಚಿಂತೆ. ಬಿಸಿ ಇರಬಾರದು, ಹೆಪ್ಪುಗಟ್ಟಲೂ ಬಾರದು, ಮಗುವಿನ ಹಾಗೆ!

ಅವರಿಗೆ ನಿನ್ನ ಫೋಟೋ ತೋರಿಸಿದೆ. "ಕೆನ್ನೆ ನೋಡು, ಟೊಮೇಟೊ. ಪಕ್ಕಾ ಹಳ್ಳಿ ಹುಡುಗಿ" ಎಂದರು. ಎಷ್ಟು ಮುದ್ದಾಗಿ ಹೇಳಿದರು ಗೊತ್ತಾ!

ಸಮುದ್ರ ಈಗ ಬೂದು ಬಣ್ಣ. ಅದೂ ಚೆಂದವೇ!

ನಿನ್ನ ವಿಯೊಲೆತಾ


ದ್ರೆನೊವ್ಕಾ
28 ನವೆಂಬರ್ 1993

ಅಕ್ಕ,

ಟೊಮೇಟೊ ಎಂದವರಿಗೆ ತಿಳಿಸು: ಆ ಫೋಟೋದಲ್ಲಿದ್ದವಳು ಈಗಿಲ್ಲ.

ಔಷಧಿ ಅಂಗಡಿಯ ಪೆರಾಕ್ಸೈಡ್ ಹಚ್ಚಿ ಕೂದಲನ್ನು ಹಳದಿ ಮಾಡಿಕೊಂಡೆ. ಭುಜದವರೆಗೆ ಕತ್ತರಿಸಿಯೂ ಆಯಿತು. ಅಮ್ಮ ಒಂದು ದಿನ ಅತ್ತಳು, ಎರಡನೆಯ ದಿನ ಹೊಡೆದಳು, ಮೂರನೆಯ ದಿನ "ಹಿಂದ್ಗಡೆ ಇನ್ನೊಂಚೂರು ಉಳಿದಿದೆ, ಕೂತ್ಕೋ" ಎಂದು ತಾನೇ ಹಚ್ಚಿದಳು. ಅಜ್ಜಿಯ ಪೆಟ್ಟಿಗೆಯಲ್ಲಿ ನೇಯ್ದ ಹಳೆಯ ಏಪ್ರನ್ ಇತ್ತಲ್ಲ, ಕೆಂಪು ಪಟ್ಟೆಯದು? ಹುಳ ತಿನ್ನಲು ಇಟ್ಟಂತಿತ್ತು. ಮಧ್ಯಕ್ಕೆ ಕತ್ತರಿಸಿ ಮೊಣಕಾಲಿನ ಮೇಲೆ ನಿಲ್ಲುವ ಸ್ಕರ್ಟ್ ಹೊಲಿದೆ. ಬಸ್ ನಿಲ್ದಾಣದ ಹುಡುಗರು ಶಿಳ್ಳೆ ಹಾಕಿದರು. ಅವರು ಟ್ರ್ಯಾಕ್ಟರಿಗೂ ಶಿಳ್ಳೆ ಹಾಕುತ್ತಾರೆ, ಅದಕ್ಕೆ ಬೆಲೆಯಿಲ್ಲ. ಗಣಿತದ ಮೇಷ್ಟ್ರು, "ಏನಮ್ಮಾ, ಹುಲ್ಲಿನ ಬಣವೆಗೆ ಬೆಂಕಿ ಬಿತ್ತಾ?" ಎಂದರು. ನಲವತ್ತು ವರ್ಷದಿಂದ ಒಂದೇ ಕೋಟು ಹಾಕುವವರು.

ಆದರೆ ಅವರು ಕೊಡುವ ಲೆಕ್ಕಗಳನ್ನೆಲ್ಲ ಮಾಡುತ್ತಿದ್ದೇನೆ. ದಿನಕ್ಕೆ ಇಪ್ಪತ್ತು. ಈ ಊರಿನಿಂದ ಹೊರಗೆ ಹೋಗುವ ಬಾಗಿಲು ಅದೊಂದೇ.

ನನ್ನ ಮಂಚದ ಉದ್ದ ನೂರ ತೊಂಬತ್ತು ಸೆಂಟಿಮೀಟರ್. ಕಿಟಕಿಯ ಕೆಳಗೆ ಹಿಡಿಸುತ್ತದೆಯೇ? ಹಿಂದಿನ ಪತ್ರದಲ್ಲೇ ಕೇಳಿದ್ದೆ. ನೀನು ಮೆಣಸಿನಕಾಯಿ ಸುಡುತ್ತಿದ್ದೆ.

ದೆಬೊರಾ


ಬುರ್ಗಾಸ್
19 ಡಿಸೆಂಬರ್ 1993

ನನ್ನ ಬಂಗಾರ,

ಹೊಸ ವರ್ಷ ಹತ್ತಿರ ಬಂತು! ಅತ್ತೆ ಪದರ ಪದರವಾಗಿ ಚೀಸ್ ತುಂಬಿದ ಬಾನಿತ್ಸಾ ಮಾಡುತ್ತಾರೆ, ಒಳಗೆ ಭವಿಷ್ಯದ ಚೀಟಿಗಳನ್ನು ಬರೆದು ಹಾಕುವ ಕೆಲಸ ನನ್ನದು! "ನಿನ್ನ ಕೈಬರಹ ಚೆನ್ನಾಗಿದೆ, ಅದೊಂದಾದ್ರೂ ಕಲಿತಿದೀಯ" ಎಂದರು! ಪ್ಲಾಮೆನ್‌ಗೆ ಈಗ ಎರಡು ಪಾಳಿ, ಬಂದವರೇ ಮಲಗುತ್ತಾರೆ. ಮಲಗಿದಾಗ ಎಷ್ಟು ಮುದ್ದಾಗಿ ಕಾಣುತ್ತಾರೆ!

ಒಂದು ಮಾತು ಹೇಳಲಾ, ಕೋಪ ಮಾಡಿಕೊಳ್ಳಬೇಡ. ನಿಮ್ಮ ಶಾಲೆಯಲ್ಲಿ ಎಂಟನೆಯ ತರಗತಿಯೂ ಇದೆಯಲ್ಲ? ಇನ್ನೊಂದು ವರ್ಷ ಅಮ್ಮನ ಹತ್ತಿರವೇ ಇದ್ದು ಆಮೇಲೆ ಬೇರೆ ಯಾವುದಾದರೂ ಶಾಲೆ ನೋಡಬಹುದಲ್ಲ? ಸುಮ್ಮನೆ ಹೊಳೆಯಿತು, ಬರೆದೆ! ಪೊಟ್ಟಣದಲ್ಲಿ ಲಿಪ್‌ಸ್ಟಿಕ್ ಇದೆ. ತಿಳಿ ಗುಲಾಬಿ. ಗಾಢ ಬೇಡ ಚಿನ್ನ, ಜನ ಏನಾದರೂ ಅಂದುಕೊಳ್ಳುತ್ತಾರೆ.

ನಿನ್ನವಳೇ ಆದ
ವಿಯೊಲೆತಾ


ದ್ರೆನೊವ್ಕಾ
16 ಜನವರಿ 1994

ಅಕ್ಕ,

ಸುಮ್ಮನೆ ಹೊಳೆಯಿತಂತೆ. ನಿನಗೆ ಸುಮ್ಮನೆ ಹೊಳೆದದ್ದು ನನ್ನ ಇಡೀ ಬದುಕು.

ನಿನ್ನ ಪತ್ರಗಳನ್ನೆಲ್ಲ ಮೇಜಿನ ಮೇಲೆ ಸಾಲಾಗಿ ಇಟ್ಟು ಓದಿದೆ. ಮೊದಲನೆಯದರಲ್ಲಿ ಹಳದಿ ಪರದೆ ಇದೆ. ಎರಡನೆಯದರಲ್ಲಿ ನೂರ ನಲವತ್ತು ಜಾಡಿಗಳಿವೆ, ಪರದೆ ಇಲ್ಲ. ಮೂರನೆಯದರಲ್ಲಿ ನಿದ್ದೆ ಮಾಡುವ ಗಂಡ ಇದ್ದಾನೆ, ಪರದೆ ಇಲ್ಲ. ಬದಲಿಗೆ ಲಿಪ್‌ಸ್ಟಿಕ್ ಇದೆ. ತಿಳಿ ಗುಲಾಬಿ. ಅದನ್ನು ಅಜ್ಜಿ ಒಡೆದ ತುಟಿಗೆ ಹಚ್ಚಿಕೊಳ್ಳುತ್ತಿದ್ದಾಳೆ, ಉಪಯೋಗಕ್ಕೆ ಬಂತು.

ನನಗೆ ಅರ್ಥವಾಗುತ್ತದೆ. ಟೊಮೇಟೊ ಕೆನ್ನೆಯ ತಂಗಿ ಬಂದು ನಿನ್ನ ಎಂಟನೇ ಮಹಡಿಯಲ್ಲಿ ನಿಂತರೆ ನಿನಗೆ ನಾಚಿಕೆ. ಅದಕ್ಕೇ ಹೆಸರು ಬದಲಾಯಿಸಿದೆ, ಕೂದಲು ಬದಲಾಯಿಸಿದೆ, "ಹೋಗ್ತೀನ್ರೀ, ಬರ್ತೀನ್ರೀ" ಎಂದು ನಿನ್ನ ಪೇಟೆಯವರ ಹಾಗೆ ಮೂಗಿನಲ್ಲಿ ಮಾತಾಡಲು ಮೇಕೆಗಳ ಮುಂದೆ ಅಭ್ಯಾಸ ಮಾಡಿದೆ. ಇನ್ನೂ ಏನು ಬದಲಾಯಿಸಬೇಕು? ಒಂದು ಪಟ್ಟಿ ಕಳಿಸು.

ಇಲ್ಲವೇ ಒಂದೇ ಪದ ಬರೆ. ಕೋಣೆ ಇದೆ ಅಥವಾ ಇಲ್ಲ.

ದೆಬೊರಾ


ಬುರ್ಗಾಸ್
1 ಮಾರ್ಚ್ 1994

ನನ್ನ ಕಣ್ಣೇ,

ವಸಂತ ಬಂತು! ಪತ್ರದೊಳಗೆ ಕೆಂಪು ಬಿಳಿ ದಾರದ ಗೊಂಡೆ ಇಟ್ಟಿದ್ದೇನೆ, ಸಿಕ್ಕ ದಿನವೇ ಕೈಗೆ ಕಟ್ಟಿಕೋ! ನಾನು ಕಟ್ಟಿಕೊಂಡಿದ್ದೇನೆ, ಪ್ಲಾಮೆನ್‌ಗೂ ಕಟ್ಟಿದೆ, ಕೆಳಗಿನ ಮನೆಯ ನಾಯಿಗೂ ಕಟ್ಟಿದೆ!

ಈ ಏಪ್ರಿಲ್‌ನಲ್ಲಿ, ಈಸ್ಟರ್‌ಗೆ ಒಂದು ವಾರ ಮೊದಲು ಬರುವ ಲಾಜಾರ್ ಶನಿವಾರದ ಹುಡುಗಿಯರ ಸಾಲಿಗೆ ನೀನು ಸೇರುವುದಿಲ್ಲ ಅಂದೆಯಂತೆ, ಅಮ್ಮ ಬರೆದಿದ್ದಾಳೆ. ಸೇರು ಚಿನ್ನ! ಹೂವಿನ ಕಿರೀಟ ಇಟ್ಟುಕೊಂಡು ಮನೆಮನೆಗೆ ಹೋಗಿ ಹಾಡುವುದು ಎಷ್ಟು ಚೆಂದ! ನಿನ್ನ ವಯಸ್ಸಿನಲ್ಲಿ ನಾನು ಹಾಸ್ಟೆಲಿನಲ್ಲಿದ್ದೆ, ಆಗಲಿಲ್ಲ. ಅತ್ತೆ ಅದನ್ನೇ ಎತ್ತಿ ಆಡುತ್ತಾರೆ: "ಲಾಜಾರ್ ಹಾಡದವಳು ಮದುವೆಯಾದ್ರೆ ಹೀಗೇ, ಕೈಲಿ ಒಂದು ಕೆಲಸ ನಿಲ್ಲಲ್ಲ." ತಮಾಷೆಗೆ! ಹೊಸ ಮದುಮಗಳ ಬಟ್ಟೆಯನ್ನೇ ಉಡಬೇಕಲ್ಲ, ಅದಕ್ಕೆ ನನ್ನ ಮದುವೆಯ ರುಮಾಲು ಕಳಿಸಿದ್ದೇನೆ. ಜೋಪಾನ!

ಉಳಿದ ವಿಷಯ ಮುಂದೆ ಬರೆಯುತ್ತೇನೆ. ಎಷ್ಟೊಂದು ಬರೆಯುವುದಿದೆ!

ವಿಯೊಲೆತಾ


ದ್ರೆನೊವ್ಕಾ
9 ಮಾರ್ಚ್ 1994

ರುಮಾಲು ತಲುಪಿತು. ಉತ್ತರ ತಲುಪಲಿಲ್ಲ.

ದೆ.


ದ್ರೆನೊವ್ಕಾ
27 ಏಪ್ರಿಲ್ 1994, ಈಸ್ಟರ್‌ಗೆ ಮುಂಚಿನ ಬುಧವಾರ

ಅಕ್ಕ,

ನಿನಗೆ ಮತ್ತೆ ಬರೆಯುವುದಿಲ್ಲ ಎಂದುಕೊಂಡಿದ್ದೆ. ಆದರೆ ಈ ವಾರ ನನ್ನೊಂದಿಗೆ ಊರಿನ ಹುಡುಗಿಯರು ಯಾರೂ ಮಾತಾಡುತ್ತಿಲ್ಲ, ಬೇರೆ ದಾರಿಯಿಲ್ಲ. ಮೊದಲಿನಿಂದ ಹೇಳುತ್ತೇನೆ.

ಹದಿನೈದು ದಿನದ ಹಿಂದೆ ಅಜ್ಜಿ ತನ್ನ ಪೆಟ್ಟಿಗೆ ತೆಗೆದಳು. ಏಪ್ರನ್ ಇಲ್ಲ. ನಾನು ಅದನ್ನೇ ಉಟ್ಟು ಎದುರಿಗೆ ನಿಂತಿದ್ದೆ.

"ಇದನ್ನುಟ್ಕೊಂಡೇ ನಾನು ಲಾಜಾರ್ ಹಾಡಿದ್ದು, ಗೊತ್ತೇನೇ?" ಎಂದಳು.

"ಈಗ ಹೇಳಿ ಏನು ಪ್ರಯೋಜನ?"

"ಕತ್ತರಿಸಿದ್ದಾಯ್ತು. ಈಗ ಅದನ್ನೇ ಉಟ್ಕೊಂಡು ಸಾಲಿನ ಮುಂದೆ ನಡಿ. ಊರಲ್ಲಿರೋದೇ ಐದು ಹುಡುಗೀರು. ನಾಲ್ಕು ಜನಕ್ಕೆ ಬಾಯಿಲ್ಲ, ನಿಂಗೆ ಬಾಯಿ ಬಿಟ್ರೆ ಬೇರೇನಿಲ್ಲ."

"ಆ ಹಾಡುಗಳು ಬರೀ ಸುಳ್ಳು. ಮೇಯರ್ ಮನೇಲಿ ಎಲ್ಲಿದೆ ಚಿನ್ನದ ಸೇಬಿನ ಮರ?"

"ಹಾಗಾದ್ರೆ ನಿಜ ಹಾಡು. ನಿನ್ನ ಯಾರು ಹಿಡ್ಕೊಂಡಿದ್ದಾರೆ? ಒಂದೊಂದು ಮನೆಗೆ ಒಂದೊಂದು ಹಾಡು. ರಾಗ ಬಿಡಬೇಡ, ಅಷ್ಟೇ."

ಇದನ್ನು ನನಗೆ ಇಷ್ಟು ವರ್ಷ ಯಾರೂ ಹೇಳಿರಲಿಲ್ಲ. ಶನಿವಾರ ಸಾಲಿನ ಮುಂದೆ ನಾನೇ ನಡೆದೆ. ನಾಲ್ಕು ವರ್ಷದಿಂದ ಬೀದಿ ದೀಪ ಹಾಕಿಸುತ್ತೇನೆ ಎನ್ನುತ್ತಿರುವ ಮೇಯರ್ ಮನೆ ಮುಂದೆ ನಾವು ಹಾಡಿದ್ದು ಹೀಗೆ:

ಎತ್ತರ ಮನೆಯ ಯಜಮಾನ,
ನಿನ್ನ ಮಾತು ಜೇನುತುಪ್ಪ,
ನಿನ್ನ ದೀಪ ಬರೀ ಕಂಬ.

ಅವನು ತಲೆದೂಗಿ ಆರು ಮೊಟ್ಟೆ ಕೊಟ್ಟ. ಅವನ ಹೆಂಡತಿಗೆ ಅರ್ಥವಾಯಿತು; ಒಳಗೆ ಹೋಗಿ ಇನ್ನೂ ನಾಲ್ಕು ತಂದಳು. ಗಣಿತದ ಮೇಷ್ಟ್ರ ಕೋಟಿಗೂ ಹಾಡಿದೆವು. ಮೂರನೇ ಮನೆ ದಾಟುವಷ್ಟರಲ್ಲಿ ಜನ ತಮ್ಮ ಮನೆ ಬಿಟ್ಟು ನಮ್ಮ ಹಿಂದೆ ಬರುತ್ತಿದ್ದರು, ಪಕ್ಕದ ಮನೆಗೆ ಏನು ಹಾಡುತ್ತೇವೆ ಎಂದು ಕೇಳಲು. ಈ ಊರಿನವರು ಇಷ್ಟು ನೀಚರು ಎಂದು ಮೊದಲೇ ಗೊತ್ತಿದ್ದರೆ ಸ್ವಲ್ಪ ಇಷ್ಟಪಡುತ್ತಿದ್ದೆ.

ಮರುದಿನ ಹೊಳೆಗೆ ಬ್ರೆಡ್ಡಿನ ತುಂಡು ಬಿಡುವ ಶಾಸ್ತ್ರ. ಯಾರ ತುಂಡು ಮುಂದೆ ಹೋಗುತ್ತದೋ ಅವಳು ಕುಮಿತ್ಸಾ, ಹುಡುಗಿಯರ ಒಡತಿ. ಉಳಿದ ನಾಲ್ವರು ದಡದಲ್ಲಿ ಕೂತು ಮೊಟ್ಟೆಯಿಡುವ ಹಾಗೆ ಮೆಲ್ಲಗೆ ಬಿಟ್ಟರು. ನಾನು ಹರಿವಿನ ಮಧ್ಯಕ್ಕೆ ಎಸೆದೆ. ಎಸೆಯಬಾರದೆಂದು ಯಾರೂ ಹೇಳಿರಲಿಲ್ಲ. ಈಗ ನಾನೇ ಕುಮಿತ್ಸಾ. ಈಸ್ಟರ್ ದಿನ ನಾನು ಕೆಂಪು ಮೊಟ್ಟೆ ಕೊಟ್ಟು ಅಪ್ಪಣೆ ಮಾಡುವವರೆಗೆ ಅವರು ನನ್ನ ಮುಂದೆ ಬಾಯಿ ತೆರೆಯಬಾರದು. ಎಂಥ ಸುಖ ಎಂದುಕೊಂಡೆ. ಆ ಪೆದ್ದಿಯರ ಮಾತು ಒಂದು ವಾರ ಕೇಳಬೇಕಾಗಿಲ್ಲ.

ಇವತ್ತು ಮೂರನೆಯ ದಿನ. ತಲೆ ಕೆಡುತ್ತಿದೆ. ಎದುರಿಗೆ ಬಂದರೆ ಕೈಕಟ್ಟಿ ತಲೆ ತಗ್ಗಿಸುತ್ತಾರೆ. ಬಗ್ಗಿದ ನೆತ್ತಿಗೆ ಎಷ್ಟು ಹೊತ್ತು ಬೈಯುವುದು?

ಬೇಸರಕ್ಕೆ ನಿನ್ನ ಪತ್ರಗಳನ್ನು ಅಜ್ಜಿಗೆ ಓದಿ ಹೇಳಿದೆ, ನನ್ನ ಜೊತೆ ಸೇರಿ ನಿನ್ನನ್ನು ಬೈಯಲು ಒಬ್ಬರು ಬೇಕಿತ್ತು. ಅವಳು ಡಿಸೆಂಬರ್‌ನ ಪತ್ರ ಕಿತ್ತುಕೊಂಡು ಮೂಗಿಗೆ ಹಿಡಿದಳು.

"ಇದನ್ನ ಅವಳು ಎಲ್ಲಿ ಕೂತು ಬರೆದಳು?"

"ಬಾಲ್ಕನೀಲಿ, ಸಮುದ್ರ ನೋಡ್ಕೊಂಡು. ಇನ್ನೆಲ್ಲಿ?"

"ಎಲೆಕೋಸಿನ ಪೀಪಾಯಿ ಪಕ್ಕ ಕೂತು. ಹುಳಿನೀರು ನಾರ್ತಾ ಇದೆ, ನೋಡು. ನಿನ್ನ ಕೋಣೆಗೆ ಯಾರು ಬಂದು ಕೂತಿದ್ದಾರೆ ಅಂತ ಗೊತ್ತಾಯ್ತಾ?"

ಮೂಸಿ ನೋಡಿದೆ. ಮಾರ್ಚ್‌ನದೂ ಅದೇ ವಾಸನೆ. ನನಗೆ ನಗು ಬಂತು. ನನ್ನ ವೈರಿ ಒಂದು ಎಲೆಕೋಸು!

ಅಜ್ಜಿ ನಗಲಿಲ್ಲ. "ಇಷ್ಟುದ್ದ ಬರಿಯೋಳು ಬಾಯಲ್ಲಿ ಒಂದು ಮಾತೂ ಆಡ್ತಿಲ್ಲ ಅಂತ ಲೆಕ್ಕ. ನಾನು ಸೊಸೆಯಾಗಿ ಬಂದಾಗ ಅತ್ತೆ ಅಪ್ಪಣೆ ಕೊಡೋವರೆಗೆ ಹೊಸ ಸೊಸೆ ಬಾಯಿ ಬಿಡಬಾರದಿತ್ತು. ನಲವತ್ತು ದಿನ! ಕೊಟ್ಟಿಗೆಗೆ ಹೋಗಿ ಕತ್ತೆ ಜೊತೆ ಮಾತಾಡ್ತಿದ್ದೆ. ಸಿಕ್ಕಾಪಟ್ಟೆ ಮಾತಾಡ್ತಿದ್ದೆ. ಎಲ್ಲಾ ಚೆನ್ನಾಗಿದೆ, ಎಲ್ಲಾ ಚೆನ್ನಾಗಿದೆ ಅಂತ."

ಅಂದರೆ ನಾನು ನಿನ್ನ ಕತ್ತೆ.

ನನಗೆ ಮೂರು ದಿನಕ್ಕೇ ಹೀಗಾದರೆ ನಿನಗೆ ಏಳು ತಿಂಗಳು. ಇದರಿಂದ ನಿನ್ನ ಮೇಲೆ ಕನಿಕರ ಹುಟ್ಟಿತು ಎಂದು ತಿಳಿಯಬೇಡ. ಇಂಗ್ಲಿಷ್ ಬೇರೆ ಬರುತ್ತದೆ ನಿನಗೆ. ಎರಡು ಭಾಷೆಯಲ್ಲಿ ಮೂಕಿ. ಸೋಮವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ಪೀಪಾಯಿಯನ್ನು ನೋಡಬೇಕು.

ದೆಬೊರಾ, ಕುಮಿತ್ಸಾ


ಬುರ್ಗಾಸ್
5 ಮೇ 1994

ದೊಬ್ರಿಂಕಾ,

ನೀನು ಹೋದ ಮೇಲೆ ಏನಾಯಿತು ಎಂದು ಬರೆಯುತ್ತಿದ್ದೇನೆ.

ನೀನು ಬಂದ ರೀತಿ ನನ್ನ ಕಣ್ಣಿಂದ ಹೋಗಿಲ್ಲ. ಅರ್ಧ ಏಪ್ರನ್, ಬೇರಿನ ಕಡೆ ಕಪ್ಪಾಗುತ್ತಿರುವ ಹಳದಿ ಕೂದಲು, ಅದರ ಮೇಲೆ ನನ್ನ ಮದುವೆಯ ರುಮಾಲು. ಕೂರು ಎಂದರೂ ಕೂರಲಿಲ್ಲ. ಅತ್ತೆಯ ಊಟದ ಮೇಜಿನ ಮುಂದೆ ನಿಂತು ಹಾಡಿದೆ:

ಹೊಸ ಸೊಸೆ, ಹೊಸ ಸೊಸೆ,
ಎಂಟನೇ ಮಹಡಿಯ ಹಕ್ಕಿ,
ನಿನ್ನ ಕೊರಳು ಯಾವ ಪೀಪಾಯಿಯಲ್ಲಿ
ಉಪ್ಪು ಹಾಕಿ ಮುಚ್ಚಿಟ್ಟೆ?

"ಹಳ್ಳೀಲಿ ಈಗ ಹೀಗಾ ಹಾಡೋದು?" ಎಂದರು ಅತ್ತೆ. "ಅಲ್ಲಿ ಇನ್ನೂ ಜೋರಾಗಿ ಹಾಡ್ತೀವಿ ಆಂಟಿ" ಎಂದೆ ನೀನು. ಆಮೇಲೆ ನನ್ನ ಕೈಯಲ್ಲಿ ಕೆಂಪು ಮೊಟ್ಟೆ ಇಟ್ಟು, "ನಾನು ಕುಮಿತ್ಸಾ. ಅಪ್ಪಣೆ ಕೊಟ್ಟಿದೀನಿ. ಮಾತಾಡಕ್ಕ" ಎಂದೆ. ಎಲ್ಲರೂ ನನ್ನನ್ನೇ ನೋಡಿದರು. ನಾನು, "ಕಾಫಿ ಮಾಡ್ಲಾ?" ಎಂದೆ.

ಆಗ ನೀನು ನನ್ನನ್ನು ನೋಡಿದ ನೋಟ ಬಸ್ ನಿಲ್ದಾಣದ ಹುಡುಗರಿಗೂ ಬೇಡ. ನಾಲ್ಕು ಗಂಟೆಯ ಬಸ್ಸಿಗೆ ಹೊರಟುಹೋದೆ.

ಸಂಜೆ ಅತ್ತೆ ಮೊಟ್ಟೆಗೆ ಮೊಟ್ಟೆ ತಾಗಿಸುವ ಆಟಕ್ಕೆ ಕರೆದರು. ಪ್ರತಿ ವರ್ಷ ಗೆಲ್ಲುವವರು ಅವರೇ ಅಂತೆ. ನಿನ್ನ ಮೊಟ್ಟೆ ಹಿಡಿದೆ. ಅವರದು ಒಡೆಯಿತು. ಅವರು ತಮ್ಮ ಮೊಟ್ಟೆಯನ್ನೇ ನೋಡುತ್ತಾ ಇದ್ದರು, ಆಗ ನನ್ನ ಬಾಯಿಂದ ಬಂತು:

"ಅತ್ತೆ, ಪೀಪಾಯಿ ಖಾಲಿಯಾಗಿ ಒಂದು ತಿಂಗಳಾಯ್ತು. ನಾಳೆ ಅದು ನೆಲಮಾಳಿಗೆಗೆ ಹೋಗ್ತದೆ."

"ನೆಲಮಾಳಿಗೇಲಿ ಇಲಿ ಇದೆ."

"ಇಲಿ ಖಾಲಿ ಪೀಪಾಯಿ ತಿನ್ನಲ್ಲ. ಜಾಡಿಗಳೂ ಹೋಗ್ತವೆ. ಸೆಪ್ಟೆಂಬರ್‌ಗೆ ನನ್ನ ತಂಗಿ ಬರ್ತಾಳೆ."

ಪ್ಲಾಮೆನ್ ನಕ್ಕುಬಿಟ್ಟರು. ಈ ಮನೆಯಲ್ಲಿ ಅವರು ಜೋರಾಗಿ ನಕ್ಕಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಬೆಳಿಗ್ಗೆ ಪಾಳಿಗೆ ಹೋಗುವ ಮುಂಚೆ ಪೀಪಾಯಿಯನ್ನು ಎಂಟು ಮಹಡಿ ಉರುಳಿಸಿ ಇಳಿಸಿದರು. ಅತ್ತೆ ಮೂರು ದಿನದಿಂದ ನನ್ನೊಂದಿಗೆ ಮಾತಾಡಿಲ್ಲ. ಈಗ ಅವರ ಸರದಿ.

ಇಷ್ಟರಲ್ಲೇ ನಿಲ್ಲಿಸಬಹುದಿತ್ತು, ಆದರೆ ಸುಳ್ಳಾಗುತ್ತದೆ. ಕೋಣೆಯ ಬಗ್ಗೆ ನಿನಗೆ ಬರೆಯದಿರಲು ಪೀಪಾಯಿಯೊಂದೇ ಕಾರಣವಲ್ಲ. ದಿನ ಬಿಟ್ಟು ದಿನ ಎಲೆಕೋಸಿನ ನೀರು ತಿರುವಲು ನಾನು ಅಲ್ಲಿಗೆ ಹೋಗಬೇಕಿತ್ತು. ಕೆಲಸ ಹತ್ತು ನಿಮಿಷದ್ದು. ನಾನು ಒಂದು ಗಂಟೆ ಇರುತ್ತಿದ್ದೆ. ತಲೆಕೆಳಗಾದ ಸೇಬಿನ ಪೆಟ್ಟಿಗೆಯ ಮೇಲೆ ಕೂತು, ಪೀಪಾಯಿಯ ಮುಚ್ಚಳದ ಮೇಲೆ ಕಾಗದ ಇಟ್ಟು ನಿನಗೆ ಬರೆಯುತ್ತಿದ್ದೆ. ಈ ಮನೆಯಲ್ಲಿ ಬಾಗಿಲು ಹಾಕಿಕೊಂಡು ಕೂರಲು ನನಗಿದ್ದ ಜಾಗ ಅದೊಂದೇ. ನಿನಗೆ ಕೊಟ್ಟರೆ ನಾನು ಎಲ್ಲಿಗೆ ಹೋಗಲಿ ಎಂದು ಹೆದರಿದೆ. ನಿನ್ನ ಕೆನ್ನೆಯ ಬಗ್ಗೆ ನನಗೆ ಒಂದು ದಿನವೂ ನಾಚಿಕೆಯಾಗಿರಲಿಲ್ಲ.

ಕೋಣೆ ಎರಡು ಮೀಟರ್ ಹತ್ತು, ಎರಡು ಮೀಟರ್ ಮೂವತ್ತು. ಮಂಚ ಕಿಟಕಿಯ ಕೆಳಗೆ ಹಿಡಿಸುತ್ತದೆ.

ವಿಯೊಲೆತಾ


ದ್ರೆನೊವ್ಕಾ
17 ಜುಲೈ 1994

ಅಕ್ಕ,

ನಿನ್ನ ಪತ್ರವನ್ನು ಅಜ್ಜಿಗೆ ಎರಡು ಸಲ ಓದಿದೆ. ಅವಳು ಮೂಸಿ ನೋಡಿ, "ಸೋಪು" ಎಂದಳು. ನೆಲ ಒರೆಸಿದ್ದೀಯ ಎಂದು ತಿಳಿಯಿತು.

ಫಲಿತಾಂಶ ಬಂದಿದೆ. ನೀನು ಶಾಲೆಯ ಬಾಗಿಲಿಗೆ ಹೋಗಿ ನೋಡುವ ಮೊದಲೇ ಹೇಳುತ್ತೇನೆ: ಪಟ್ಟಿಯಲ್ಲಿ ಇದ್ದೇನೆ, ಕೆಳಗಿನಿಂದ ಹತ್ತನೆಯವಳು. ಗಣಿತದಲ್ಲಿ ಪೂರ್ತಿ ಅಂಕ. ಮೇಷ್ಟ್ರು ಖುಷಿಗೆ ಹೊಸ ಕೋಟು ಹೊಲಿಸುತ್ತಾರೇನೋ ಎಂದು ಊರೆಲ್ಲ ಕಾಯುತ್ತಿತ್ತು. ಆ ಮನುಷ್ಯ ಹಳೆಯದಕ್ಕೇ ಗುಂಡಿ ಹಾಕಿಸಿದ.

ಆ ಪಟ್ಟಿಯಲ್ಲಿ ದೆಬೊರಾಗಳು ನಾಲ್ವರಿದ್ದಾರೆ. ನಾಲ್ವರು! ಒಬ್ಬಳನ್ನು ಪರೀಕ್ಷೆಯ ದಿನ ನೋಡಿದೆ, ಪೆನ್ಸಿಲ್ ಬಿದ್ದರೆ ಅಮ್ಮನನ್ನು ಕರೆಯುತ್ತಿದ್ದಳು. ಅಂಥವರ ಸಾಲಿನಲ್ಲಿ ಐದನೆಯವಳಾಗಿ ನಿಲ್ಲಲು ನನಗೇನು ಹುಚ್ಚೇ? ದೊಬ್ರಿಂಕಾ ಒಬ್ಬಳೇ. ಅಜ್ಜಿಗೆ ಹೇಳಬೇಡ, ಮತ್ತೆ ಹಲ್ಲು ಬೀಳುತ್ತದೆ.

ಇನ್ನು ಕೋಣೆ. ಹಳದಿ ಬಣ್ಣ ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ನೀನು ಅಷ್ಟು ಕುಣಿಯುತ್ತಿದ್ದೆ ಎಂದು ಸುಮ್ಮನಿದ್ದೆ. ಆ ಪರದೆ ಬದಲಾಯಿಸು. ಕೂದಲನ್ನಂತೂ ನಾನೇ ಬದಲಾಯಿಸಿದ್ದೇನೆ. ಸೇಬಿನ ಪೆಟ್ಟಿಗೆಯನ್ನು ಎಸೆಯಬೇಡ, ಅದರ ಪಕ್ಕಕ್ಕೆ ಇನ್ನೊಂದು ತಂದಿಡು. ಸಂಜೆ ಒಂದು ಗಂಟೆ ನೀನು ಅಲ್ಲಿ ಕೂತು ಏನು ಬೇಕಾದರೂ ಹೇಳಿಕೊಳ್ಳಬಹುದು. ನಾನು ಲೆಕ್ಕ ಮಾಡುತ್ತಿರುತ್ತೇನೆ, ಕೇಳಿಸಿಕೊಳ್ಳುವುದಿಲ್ಲ. ಆದರೆ ಬಾಯಲ್ಲೇ ಹೇಳಬೇಕು. ನಿನ್ನ ಪತ್ರಗಳನ್ನು ಇನ್ನು ಓದಲಾರೆ.

ಸೆಪ್ಟೆಂಬರ್ ಹತ್ತಕ್ಕೆ ಬರುತ್ತೇನೆ. ಬಸ್ ನಿಲ್ದಾಣಕ್ಕೆ ಬಂದು ಅಳುತ್ತಾ ನಿಲ್ಲಬೇಡ.

ನಿನ್ನ ಕತ್ತೆ,
ದೊಬ್ರಿಂಕಾ